ತೊಗರಿ ಕಟ್ಟಿಗೆಯ ಗೋಡೆ

ಚಮನಸಾಬ ಬೆರಳು ಮಡಚಿ ಗೋಡೆಗೆ ಬಡಿದ. ಡಬ್ ಎಂದಿತು. ಒಂದು ಗೇಣು ಸರಿದು ಬಡಿದ. ಅಲ್ಲೂ ಡಬ್. ಬಾಗಿಲ ಹತ್ತಿರ ಬಂದಾಗ ಮಾತ್ರ ಬೆರಳ ಗೆಣ್ಣಿಗೆ ಗಟ್ಟಿ ಪೆಟ್ಟು ತಾಗಿತು. ಅಲ್ಲೊಂದು ಬೇವಿನ ಕಂಬವಿತ್ತು. ಉಳಿದದ್ದೆಲ್ಲ ತೊಗರಿ ಕಟ್ಟಿಗೆಯ ತಟ್ಟಿ, ಎರಡೂ ಕಡೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದು. ದವಾಖಾನೆಗೆ ಇದ್ದದ್ದೇ ಒಂದು ಉದ್ದ ಕೋಣೆ. ಈಚೆ ಔಷಧಕ್ಕೆ, ಆಚೆ ಹೆರಿಗೆಗೆ ಎಂದು ನಡುವೆ ಆ ತಟ್ಟಿಯನ್ನು ನಿಲ್ಲಿಸಿದ್ದರು.

ನೆಲದ ಮೇಲೆ ಅವನೇ ತಿಂಗಳಿಡೀ ಕೂತು ಕೊರೆದ ಫಲಕವಿತ್ತು. ಸಾಗುವಾನಿ ಹಲಗೆ, ಒಂದು ಮಾರು ಉದ್ದ, ಮೇಲೆ ಹಿತ್ತಾಳೆಯ ಅಕ್ಷರ: ‘ತಾಯಿ ಹನಮವ್ವ ಹೆರಿಗೆ ಖೋಲಿ’. ನಾಲ್ಕು ಜನ ಹೊತ್ತು ತಂದಿದ್ದರು. ಹನಮವ್ವನ ಮಗ ಗುರಲಿಂಗಪ್ಪ ಈ ಭಾಗದ ದೊಡ್ಡ ಕಾಳಿನ ವ್ಯಾಪಾರಿ. ದೇವರ ಹಿಪ್ಪರಗಿಯ ಸಂತೆಯಲ್ಲಿ ಅವನ ಚೀಲವೇ ಮೊದಲು ಇಳಿಯಬೇಕು. ಹೆರಿಗೆ ಖೋಲಿಗೆ ನಾಲ್ಕು ಕಬ್ಬಿಣದ ಮಂಚ ಕೊಟ್ಟಿದ್ದ. ಈಗ ಫಲಕದ ಪಕ್ಕದಲ್ಲೇ ನಿಂತಿದ್ದ.

"ಧಣಿ, ಇದು ಗ್ವಾಡಿ ಅಲ್ರಿ, ತಟ್ಟಿ ಐತಿ. ಇಷ್ಟು ವಜ್ಜಾ ತಡಿಯೂದಿಲ್ಲ. ಹೊರಗ ಕಲ್ಲಿನ ಗ್ವಾಡಿಗಿ ಹಾಕೋಣ್ರಿ."

"ಹೊರಗ ಹಾಕಿದ್ರ ಯಾರು ನೋಡ್ತಾರೋ? ವಿಜಾಪುರದ ಸಾಹೇಬ್ರು ಕೂಡೂದು ಒಳಗ, ಫೋಟೋ ತಗಿಯೂದು ಒಳಗ."

"ಹಂಗಾರ ಒಂದಿನಾ ತಡೀರಿ. ಇನ್ನೊಂದು ಕಂಬಾ ಹುಗೀತೇನಿ."

"ನಾಳಿ ಮುಂಜಾನಿ ಉದ್ಘಾಟನಾಕ್ಕ ಬರ್ತಾರಪಾ ಅವರು!"

"ಆ ಕಡಿಯಿಂದ ಒಂದು ಹಲಗಿ ಕೊಟ್ಟು ಬೋಲ್ಟ್ ಬಿಗಿದ್ರ ಹೆಂಗರ ನಿಂತೀತು."

"ಅಲ್ಲಿ ನಿನ್ನಿ ಸುಣ್ಣಾ ಹೊಡಸೇನಿ. ಸಾಹೇಬ್ರು ಆ ಖೋಲೀನೂ ನೋಡ್ತಾರ, ಹಲಗಿ ಬಡದು ಹೊಲಸು ಮಾಡಬ್ಯಾಡ. ಬಡಿಗ್ಯಾ ಇದ್ದೀ, ಏನರ ಮಾಡು."

ಚಮನಸಾಬ ಇನ್ನೊಮ್ಮೆ ಹೇಳಬೇಕೆಂದು ಬಾಯಿ ತೆರೆದ. ಗುರಲಿಂಗಪ್ಪ ಆಗಲೇ ಚಪ್ಪಲಿ ಮೆಟ್ಟಿದ್ದ. ಚಮನಸಾಬ ಒಂದು ಬೋಲ್ಟನ್ನು ಬೇವಿನ ಕಂಬಕ್ಕೆ ಬಿಗಿದ. ಇನ್ನೊಂದನ್ನು ತಟ್ಟಿಯೊಳಗಿನ ಕಟ್ಟಿಗೆಗೆ ತಂತಿ ಸುತ್ತಿ ಕೂರಿಸಿದ. ಫಲಕ ನಿಂತಿತು. ಅದರ ಕೆಳಗೆ ನಿಂತು ಅವನು ಬಹಳ ಹೊತ್ತು ನೋಡಿದ.

ಮರುದಿನ ಬೆಳಕು ಹರಿಯುವಾಗ ಚಮನಸಾಬನ ಮಗಳು ಅಬಿದಾಳಿಗೆ ನೋವು ಸುರುವಾಯಿತು. ಅಳಿಯ ಸೊಲ್ಲಾಪುರದ ಗಿರಣಿಯಲ್ಲಿದ್ದ. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಹುಡುಗಿಯ ಮೈಯಲ್ಲಿ ರಕ್ತವಿಲ್ಲ, ಮನೆಯಲ್ಲಿ ಹೆರಿಗೆ ಬೇಡ ಎಂದು ನರ್ಸ್ ಇಂದ್ರಾಬಾಯಿ ಮೊದಲೇ ಎಚ್ಚರಿಸಿದ್ದಳು. ಬಂಡಿಯಲ್ಲಿ ಮಲಗಿಸಿ ತಂದ. ಖೋಲಿಯ ತುಂಬ ಹೊಸ ಮಂಚಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿಟಕಿಯ ಬೆಳಕು ಬೀಳುತ್ತಿದ್ದದ್ದು ತಟ್ಟಿಗೆ ತಾಗಿದ ಮಂಚದ ಮೇಲೆ. ಅಬಿದಾಳನ್ನು ಅಲ್ಲಿಯೇ ಮಲಗಿಸಿದರು.

ಸಾಹೇಬರು ಬಂದರು, ಭಾಷಣವಾಯಿತು, ಹಾರ ಬಿತ್ತು, ಫೋಟೋ ಆಯಿತು. ಒಳಗಿನ ನರಳಾಟ ಕೇಳಿ ಸಾಹೇಬರು ಹೆರಿಗೆ ಖೋಲಿಯತ್ತ ಇಣುಕಲೂ ಇಲ್ಲ. ಆಮೇಲೆ ಡಾಕ್ಟರು, ಜವಾನ ಮಾನಪ್ಪ, ಊರಿನ ಹಿರಿಯರು ಎಲ್ಲರೂ ಗುರಲಿಂಗಪ್ಪನ ಮನೆಗೆ ಊಟಕ್ಕೆ ನಡೆದರು. ಅಬಿದಾಳ ಬಳಿ ಇಂದ್ರಾಬಾಯಿ ಒಬ್ಬಳೇ ಉಳಿದಳು. ಅಂಗಳ ಬರಿದಾಯಿತು.

ಚಮನಸಾಬ ಈಚೆ, ಹೆರಿಗೆ ಖೋಲಿಯ ಬಾಗಿಲಲ್ಲಿ ಕೂತಿದ್ದ. ಕರ್ ಎಂಬ ಸಣ್ಣ ಸದ್ದಾಯಿತು. ತಿರುಗಿ ನೋಡಿದರೆ ತಂತಿ ಸುತ್ತಿ ಕೂರಿಸಿದ್ದ ಬೋಲ್ಟಿನ ಸುತ್ತ ಸುಣ್ಣ ಬಿರಿದು ಮಣ್ಣು ಸುರಿಯುತ್ತಿತ್ತು. ಫಲಕದ ತಲೆ ಈಚೆ ಬಾಗಿತ್ತು. ಅದರ ಬುಡ ತಟ್ಟಿಯನ್ನು ಆಚೆಗೆ, ಅಬಿದಾಳ ಮಂಚದತ್ತ ಒತ್ತುತ್ತಿತ್ತು. ಅವನು ಹಾರಿ ಹೋಗಿ ಎರಡೂ ಅಂಗೈಯನ್ನು ಅದರ ಕೆಳಗೆ ಕೊಟ್ಟು, ಎದೆಯಿಂದ ಒತ್ತಿ ಹಿಡಿದ. ಸದ್ದು ನಿಂತಿತು.

"ಬಾಯಾರ, ಮಂಚಾ ಆ ಕಡಿ ಸರಸ್ರಿ! ತಟ್ಟಿ ಬೀಳಾಕತ್ತೈತಿ!"

"ಎಲ್ಲಿ ಸರಸ್ಲಿರಿ? ಜಾಗಾ ಎಲ್ಲೈತಿ?" ಆಚೆಯಿಂದ ಇಂದ್ರಾಬಾಯಿಯ ಧ್ವನಿ. "ಕೂಸಿನ ಕಾಲು ಮುಂದ ಬಂದೈತಿ. ಈಗ ಅಕೀನ ಅಲುಗಾಡಿಸಾಕ ಬರೂದಿಲ್ಲ. ಲಗೂನ ಓಡ್ರಿ, ಡಾಕ್ಟರ್ ಸಾಹೇಬ್ರನ ಕರ್ಕೊಂಡು ಬರ್ರಿ!"

ಚಮನಸಾಬ ಒಂದು ಕೈ ಸಡಿಲಿಸಿ ನೋಡಿದ. ಕಟ್ಟಿಗೆ ಲಟಲಟ ಅಂದವು. ಆಚೆ ಮಣ್ಣಿನ ಹೆಂಟೆಯೊಂದು ಉದುರಿದ ಸದ್ದಿಗೆ ಅಬಿದಾ ಕಿರುಚಿದಳು. ಅವನು ಮತ್ತೆ ಒತ್ತಿ ಹಿಡಿದ. ಆಸರೆಗೆ ಕೊಡಬಹುದಾದ ತೊಲೆ ಹತ್ತು ಹೆಜ್ಜೆ ದೂರ ಅಂಗಳದಲ್ಲಿ ಬಿದ್ದಿತ್ತು.

"ಯಾರರ ಬರ್ರೋ! ಮಾನಪ್ಪಾ!" ಎಂದು ಕೂಗಿದ. ಗುರಲಿಂಗಪ್ಪನ ಮನೆಯ ಕಡೆಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು.

"ಚಮನಸಾಬ್ರ, ಹೋದ್ರೇನ್ರಿ?"

"ಹೆಂಗ ಹೋಗ್ಲಿ ಬಾಯಾರ? ಕೈ ಬಿಟ್ರ ಗ್ವಾಡಿ ಅಕಿ ಮ್ಯಾಲ ಬೀಳತೈತಿ."

ಅಬಿದಾಳ ಉಸಿರು ತಟ್ಟಿಯ ಮೂಲಕ ಅವನ ಎದೆಗೇ ತಾಗಿದಷ್ಟು ಹತ್ತಿರದಲ್ಲಿ ಕೇಳುತ್ತಿತ್ತು.

"ಅಪ್ಪಾ..."

"ಇಲ್ಲೇ ಇದ್ದೇನವ್ವಾ."

"ನನ್ನ ಕೈ ಹಿಡಿ ಬಾರಪ್ಪಾ."

"ಹಿಡದೇನಿ" ಎಂದ. "ಹಿಡದ ಇದ್ದೇನಿ, ಅಂಜಬ್ಯಾಡ."

ಎಷ್ಟು ಹೊತ್ತು ಕೂಗಿದನೋ, ಗಂಟಲು ಕಟ್ಟಿತು. ಕೊನೆಗೆ ಔಷಧದ ಬಾಟಲಿ ಹಿಡಿದು ಬಂದ ಮುದುಕಿಯೊಬ್ಬಳು ಹೊರಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದಳು. ಅವನು ಹೇಳಿದ್ದು ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅವಳು ಸೀರೆಯ ನೆರಿಗೆ ಎತ್ತಿಕೊಂಡು ತನಗೆ ಬಂದಷ್ಟು ಬೇಗ ನಡೆದಳು. ಆ ಹೆಜ್ಜೆಗಳನ್ನು ಅವನು ಬೀದಿಯ ತಿರುವಿನವರೆಗೂ ಎಣಿಸಿದ.

ಡಾಕ್ಟರು ಓಡಿ ಬಂದರು. ಬಂದವರು ನೇರ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಿಂದೆಯೇ ಬಂದ ಮಾನಪ್ಪ ಮತ್ತಿಬ್ಬರು ತೊಲೆ ತಂದು ಫಲಕಕ್ಕೆ ಆಸರೆ ಕೊಟ್ಟರು. "ಬಿಡ್ರಿ ಕಾಕಾ, ಇನ್ನ ಬಿಡ್ರಿ," ಎಂದು ಮಾನಪ್ಪ ಅವನ ಬೆರಳನ್ನು ಒಂದೊಂದಾಗಿ ಬಿಡಿಸಿದ. ಗುರಲಿಂಗಪ್ಪನೂ ಬಂದ. ಫಲಕದ ಕಡೆ ನೋಡಿದ, ಚಮನಸಾಬನ ಕಡೆ ನೋಡಿದ. ಹಾಗೇ ಅಂಗಳಕ್ಕಿಳಿದ.

ಕೂಸು ಅಳಲಿಲ್ಲ. ಎಲ್ಲರೂ ಕಾದರು. ಅಳಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, "ಮಗಳು ಉಳಕೊಂಡಾಳ," ಎಂದರು. ಅಷ್ಟೇ ಹೇಳಿ ಕೈತೊಳೆಯಲು ನೀರಿನ ಹಂಡೆಯತ್ತ ಹೋದರು.

ಚಮನಸಾಬ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಇಂದ್ರಾಬಾಯಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಬಂದು ಅವನ ಮುಂದೆ ನಿಂತಳು. "ಗಂಡು," ಎಂದಳು. ಅವನು ತಗೊಳ್ಳಲು ಹೊರಟ. ತೋಳು ಏಳಲಿಲ್ಲ. ಮೊಣಕೈ ಮಡಚಲು ನೋಡಿದ, ಮಡಚಲಿಲ್ಲ. ಎರಡೂ ಕೈ ಯಾರವೋ ಎಂಬಂತೆ ತೊಡೆಯ ಪಕ್ಕದಲ್ಲಿ ಬಿದ್ದಿದ್ದವು.

"ಬರವಲ್ಲವ್ರಿ ಬಾಯಾರ," ಎಂದ.

ಇಂದ್ರಾಬಾಯಿ ಬೆಳಗಿನಿಂದ ಕೂತಿರಲಿಲ್ಲ. ಅವಳು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಆ ಗಂಟನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ಅಂಚು ಗಾಳಿಗೆ ಹಾರದಂತೆ ಒಂದು ಬೆರಳಿನಿಂದ ಒತ್ತಿ ಹಿಡಿದಳು.