ಅಮ್ಮ ಕಿವಿಗೆ ಊದಿದ ಹೊಗೆ

ಮುಂದಿನ ಸಾಲಿನ ಯಾರದೋ ಕೋಟಿನಿಂದ ಆ ವಾಸನೆ ಬಂತು, ಹದವಾಗಿ ಮಾಗಿದ ಎಲೆಯ ವಾಸನೆ, ಕಾಕಂಬಿಯ ಸಿಹಿ, ಒಳಗೊಳಗೆ ಕುದುರೆ ಲಾಯದ ಘಾಟು — ರಾಜಧಾನಿ ಸಾಂತೊ ದೊಮಿಂಗೊದ ಈ ತಣ್ಣನೆಯ ಸಭಾಂಗಣದಲ್ಲಿ ಸರ್ಕಾರದವರೆದುರು ಮಾತಾಡುವ ತನ್ನ ಸರದಿಗೆ ಕಾದು ಕೂತ ದೆಲ್ಮಿರಾಳ ಬಾಯಲ್ಲಿ ನೀರೂರಿತು, ನಾಚಿಕೆಗೆಟ್ಟ ಮೂಗು, ತಂಬಾಕಿಗೆ ಲಗಾಮು ಹಾಕಿ ಎಂದು ಹೇಳಲು ಬಂದವಳ ಮೂಗು ಇನ್ನೂ ತನ್ನೂರು ತಂಬೋರಿಲ್‌ನ ಚುರುಟಿನ ಕಾರ್ಖಾನೆಯಲ್ಲೇ ಕೂತಿದೆ, ಅಮ್ಮನ ಪಕ್ಕದ ಮಣೆಯಲ್ಲಿ, ಅಲ್ಲಿ ಅಮ್ಮ ಒಂದೇ ಎಳೆತಕ್ಕೆ ಎಲೆಯ ನಡುನರ ತೆಗೆಯುತ್ತಾಳೆ, ಎಲೆ ಹರಿಯುವುದಿಲ್ಲ, ಮಗು ಹಿಡ್ದಂಗೆ ಹಿಡೀಬೇಕು ಕಣೇ, ನಿನ್ನ ಕೈಯೇನು ಗುದ್ದಲಿಯಾ, ಹೌದಮ್ಮ, ಗುದ್ದಲಿಯೇ, ಆ ಗುದ್ದಲಿ ಕೈಯೇ ಮುಂದೆ ಎಂಥೆಂಥ ಚುರುಟು ಸುತ್ತಿತು, ಕಂಡರಿಯದ ದೇಶದವರ ತುಟಿಗೆಲ್ಲ ಹೋದವು — ಆಗ ಚೆನ್ನಾಗಿತ್ತು, ಯಾರೆದುರು ಬೇಕಾದರೂ ಹೇಳುತ್ತಾಳೆ, ರೇಡಿಯೋದಲ್ಲಿ ಬಚಾತಾ ಹಾಡು, ಹೆಂಗಸರ ಪೋಲಿ ನಗು, ಸಕ್ಕರೆ ಸುರಿದ ಕಾಫಿ, ಸಂಜೆ ಕಿವಿ ನೋವೆಂದು ಅತ್ತರೆ ಅಮ್ಮ ತೊಡೆಯ ಮೇಲೆ ಮಲಗಿಸಿಕೊಂಡು, ಚುರುಟು ಹಚ್ಚಿ ಒಂದು ದಮ್ಮೆಳೆದು, ತುಟಿಯನ್ನು ಕಿವಿಗೆ ಒತ್ತಿ ಮೆಲ್ಲಗೆ ಊದುತ್ತಿದ್ದಳು, ಬೆಚ್ಚಗೆ, ಬೆಚ್ಚಗೆ, ನೋವು ಕರಗಿದ ಮೇಲೂ ಇನ್ನೂ ಇದೆ ಎನ್ನುತ್ತಿದ್ದಳು ದೆಲ್ಮಿರಾ, ಆ ತುಟಿ ಇನ್ನಷ್ಟು ಹೊತ್ತು ಅಲ್ಲೇ ಇರಲೆಂದು.

ಕೋಟಿನವನು ತಿರುಗಿದ, ಅಯ್ಯೋ ನಮ್ಮ ನಿಕಾನೋರ್, ಅವಳ ಕಣ್ಣೆದುರೇ ಬೆಳೆದು ಕಾರ್ಖಾನೆಯ ಮೇಸ್ತ್ರಿಯಾದವನು, ಚಿಕ್ಕಮ್ಮಾ, ಊರು ಉಣ್ತಿರೋದೇ ಈ ಎಲೆಯಿಂದ, ನೀನೇ ಬಂದು ತಂಬಾಕು ಒಪ್ಪಂದಕ್ಕೆ ಸಹಿ ಹಾಕಿ ಅಂತ ಸರ್ಕಾರಕ್ಕೆ ಹೇಳಿದ್ರೆ ನಾಳೆ ಹೆಂಗೆ ಮುಖ ತೋರಿಸ್ತೀಯ, ಸುಮ್ನಿರೋ, ನಿಮ್ಮಪ್ಪ ಕೆಮ್ಮಿ ಕೆಮ್ಮಿ ಹೋದಾಗ ಹೆಣಕ್ಕೆ ಅಂಗಿ ತೊಡಿಸಿದವಳು ನಾನು, ಅವನು ಮುಂದಕ್ಕೆ ತಿರುಗಿಕೊಂಡ, ಪಾಪ, ಹೇಳಬಾರದಿತ್ತು — ಉಣ್ತಿರೋದು ನಿಜ, ಅವಳ ಮನೆಯ ತಗಡಿನ ಸೂರೂ ಎಲೆಯ ದುಡ್ಡಿನದೇ, ಆದರೆ ದೇಶದೇಶಗಳು ಕೂಡಿ ಮಾಡಿದ ಆ ಒಪ್ಪಂದ ಕೇಳುವುದೇನು, ಜಾಹೀರಾತು ಬೇಡ, ಪೊಟ್ಟಣದ ಮೇಲೆ ಎಚ್ಚರಿಕೆ ಇರಲಿ, ಎಲೆ ಬೆಳೆಯುವವನು ಬೇರೆ ಬೆಳೆಗೆ ಹೊರಳಿದರೆ ಕೈ ಹಿಡಿಯಿರಿ, ನಮ್ಮವರು ಇನ್ನೂ ನೋಡೋಣ ಎನ್ನುತ್ತಿದ್ದಾರೆ, ಎಷ್ಟು ಎದೆಗಳು ಹರಿದ ತಿದಿಯಾಗುವ ತನಕ ನೋಡುತ್ತಾರೆ, ಅಮ್ಮನದೂ ಹಾಗೇ ಆಯಿತಲ್ಲ, ಕೊನೆಗೆ ಮೂಗಿಗೆ ಆಮ್ಲಜನಕದ ಕೊಳವೆ, ಒಂದೊಂದು ಮಾತಿಗೂ ಉಸಿರು ಹುಡುಕುತ್ತಾ, ಕಿವಿ ನೋಯ್ತಿದೆ ಕಣೇ, ಒಂಚೂರು ಹೊಗೆ ಊದು, ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲಮ್ಮ, ಊದೇ ಅಂದ್ರೆ — ದೆಲ್ಮಿರಾ ಬಗ್ಗಿ, ತುಟಿಯನ್ನು ಆ ಬತ್ತಿದ ಕಿವಿಗೆ ಒತ್ತಿ ಊದಿದ್ದಳು, ಅಮ್ಮ ಕಣ್ಣು ಬಿಡದೆ ಅಂದಿದ್ದಳು, ಬರೀ ಗಾಳಿ ಕಣೇ ಇದು.

ಹೆಸರು ಕರೆದರು, ಎದ್ದಳು, ಹತ್ತಿರ ಬನ್ನಿ ಅಮ್ಮಾ, ಮೈಕಿಗೆ ಇನ್ನೂ ಹತ್ತಿರ, ಎಂದರು ಅಧ್ಯಕ್ಷರು, ತುಟಿ ತಾಗುವಷ್ಟು ಬಗ್ಗಿದಳು, ಬಾಯಿ ತೆರೆದಳು, ಮಾತಿಗಿಂತ ಮೊದಲು ಅವಳ ಉಸಿರೇ ಹೋಗಿ ಸಭೆಯ ತುಂಬ ಭುಸ್ಸೆಂದಿತು, ಎಲ್ಲರೂ ತಲೆಯೆತ್ತಿದರು, ನಿಕಾನೋರನೂ, ಸಹಿ ಹಾಕಿ ಸ್ವಾಮಿ, ಅಂದಳು, ನಮ್ಮಮ್ಮ — ಕಣ್ಣೆದುರು ಅಮ್ಮನ ಬತ್ತಿದ ಕಿವಿ, ಅದರಲ್ಲಿ ಸವೆದ ಚಿನ್ನದ ಓಲೆ, ಒತ್ತಿದ ತುಟಿ, ಬರೀ ಗಾಳಿ