ಬನದಲ್ಲಿ ಕರೆದ ಹೆಸರು

ಬೋವಿಕಾನದಲ್ಲಿ ಬಸ್ಸಿಳಿಯುವಾಗ ಹರಿಣಾಕ್ಷಿ ಗಂಡನ ಮೊಣಕೈ ಹಿಡಿದಳು. ಗುಣಪಾಲರು ಕೊಡವಿಬಿಟ್ಟರು.

"ಬಿಡು ಮಾರಾಯ್ತಿ. ಪೇಟೆಯವರು ನೋಡಿದರೆ ಎಂತ ಹೇಳಿಯಾರು?"

ಪೇಟೆಯವರು ನೋಡಿಯಾಗಿತ್ತು. ಗುಣಪಾಲರೊಟ್ಟಿಗೆ ಶಾಲೆಗೆ ಹೋದ ತಿರುಮಲೇಶ್ವರ ತನ್ನ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ. "ಎಂತ ಮಾರಾಯ, ಹೆಂಡತಿ ಕೈ ಹಿಡಿದು ನಡೆಸುವ ಕಾಲ ಬಂತಾ?" ಎಂದು ನಕ್ಕ. ಗುಣಪಾಲರೂ ನಕ್ಕು, ಚಾ ಕುಡಿಯಲು ಎದೆ ಸೆಟೆಸಿ ಒಳಗೆ ಹೊರಟರು. ಹೋಟೆಲಿನ ಮೆಟ್ಟಿಲಿಗೆ ಹೆಬ್ಬೆರಳು ಎಡವಿತು. ನೋವಾದದ್ದನ್ನು ತೋರಿಸಿಕೊಳ್ಳುವ ಆಸಾಮಿಯೇ ಅಲ್ಲ ಅವರು!

ಅವರ ಹಠವೆಂದರೆ ಹಲಸಿನ ಮೇಣ, ಎಷ್ಟು ತಿಕ್ಕಿದರೂ ಹೋಗದು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಸೋತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಒಬ್ಬರೇ ಓಡಾಡಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಗುಣಪಾಲರು ತಲೆಯಾಡಿಸಿದ್ದರು, ಅಷ್ಟೇ. ಬಚ್ಚಲಲ್ಲಿ ಎಡವಿದರೆ ಚೊಂಬಿನ ತಪ್ಪು, ಅಂಗಳದಲ್ಲಿ ಎಡವಿದರೆ ನಾಯಿಯ ತಪ್ಪು. ಒಂದು ದಿನ ಇವರು ಎಲ್ಲಾದರೂ ಬಿದ್ದು ತಲೆ ಒಡೆದುಕೊಳ್ಳುತ್ತಾರೆ ಎಂಬ ಹೆದರಿಕೆಯಲ್ಲಿ ಹರಿಣಾಕ್ಷಿಗೆ ಸರಿಯಾಗಿ ನಿದ್ದೆಯೂ ಇಲ್ಲ. ತನ್ನ ಕೈಯನ್ನು ಇವರೊಮ್ಮೆ ತಾವಾಗಿ ಹಿಡಿದರೆ ಸಾಕಿತ್ತು ಅವಳಿಗೆ.

ಇಷ್ಟರ ಮೇಲೆ ಅವರಿಗೊಂದು ಆಸೆ ಹುಟ್ಟಿತ್ತು. ಕಾರಡ್ಕದಿಂದ ಆಚೆ, ತಾಯಿಮನೆಯವರ ಹಳೇ ನಾಗಬನದಲ್ಲಿ ಒಂದು ಧೂಪದ ಮರ ಉಂಟು. ಸಣ್ಣವರಿದ್ದಾಗ ಅದರ ಬುಡದ ಪೊಟರೆಯಲ್ಲಿ ಅಡಗಿ ಕೂತಿದ್ದರಂತೆ. ಕಣ್ಣಿರುವಾಗಲೇ ಅದನ್ನೊಮ್ಮೆ ನೋಡಬೇಕು ಎಂದಿದ್ದರು. "ಕಣ್ಣಿರುವಾಗಲೇ" ಎಂದು ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ. ಅದಕ್ಕೇ ಅವಳು ಬುತ್ತಿ ಕಟ್ಟಿಕೊಂಡು ಮಧೂರಿನ ಮನೆಯಿಂದ ಬೆಳಿಗ್ಗೆಯೇ ಹೊರಟು ಬಂದಿದ್ದಳು.

ಆಟೋ ಬನದ ಅಂಚಿನಲ್ಲಿ ಇಳಿಸಿ ಹೋಯಿತು. ಗುಣಪಾಲರು ಚಪ್ಪಲಿ ಕಳಚಿಟ್ಟರು.

"ಒಂದು ಕಟ್ಟಳೆ ಉಂಟು, ನೆನಪಿಟ್ಟುಕೋ. ಒಳಗೆ ಯಾರ ಹೆಸರನ್ನೂ ಕರೆಯಬಾರದು. ಕರೆದರೆ ಬನ ಆ ಹೆಸರನ್ನೂ ಹೆಸರಿನವರನ್ನೂ ಇಟ್ಟುಕೊಳ್ಳುತ್ತದೆ. ಬೇಕಾದರೆ ಕೂ ಹಾಕು."

"ನನಗೆ ಅದೊಂದು ಕಷ್ಟವಾ?" ಎಂದಳು ಹರಿಣಾಕ್ಷಿ.

ನಿಜವೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂದು ಅವಳ ಅಜ್ಜಿ ಹೇಳಿದ್ದು ಅವಳಿಗೆ ವೇದವಾಕ್ಯ. ಆಸ್ಪತ್ರೆಯಲ್ಲಿ ಹೆಸರು ಕೇಳಿದರೂ ಚೀಟಿ ಮುಂದೆ ತಳ್ಳಿ ನಾಚಿಕೊಳ್ಳುವವಳು ಅವಳು.

ಒಳಗೆ ಕಾಲಿಟ್ಟದ್ದೇ ತಡ, ಬಿಸಿಲೆಲ್ಲ ಹಿಂದೆ ಉಳಿಯಿತು. ತೊಡೆಗಾತ್ರದ ಬಳ್ಳಿಗಳು ಮರದಿಂದ ಮರಕ್ಕೆ ತೂಗಿಕೊಂಡಿದ್ದವು. ಪಾಚಿ ಹಿಡಿದ ನಾಗನ ಕಲ್ಲುಗಳ ಮೇಲೆ ಅಶೋಕದ ಕೆಂಪು ಹೂ ಉದುರಿ ಬಿದ್ದಿತ್ತು. ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬಡಿದು ಹಾರಿತು. ಹರಿಣಾಕ್ಷಿ ಕತ್ತೆತ್ತಿ ನೋಡಿದಳು, ನೋಡುತ್ತಲೇ ನಿಂತಳು. ಅಯ್ಯೋ, ಇಷ್ಟು ಚಂದದ ಜಾಗಕ್ಕೆ ಇಷ್ಟು ವರ್ಷ ತನ್ನನ್ನು ಕರೆದುಕೊಂಡೇ ಬರಲಿಲ್ಲವಲ್ಲ ಈ ಪುಣ್ಯಾತ್ಮರು! ಅದನ್ನೇ ಹೇಳೋಣವೆಂದು ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ.

"ಕೂ" ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದಳು. ಅದಕ್ಕೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇರುಗಳನ್ನು ದಾಟುತ್ತಾ ಓಡಿದಳು.

ಮರಗಳ ನಡುವೆ ಬಿಳಿ ಅಂಗಿ ಕಂಡಿತು. ಗುಣಪಾಲರು ಎರಡೂ ಕೈ ಮುಂದೆ ಚಾಚಿ, ಗಾಳಿಯನ್ನು ತಡಕುತ್ತಾ ನಡೆಯುತ್ತಿದ್ದರು. ಅವರ ಮುಂದೆ ಹಳೇ ಕೆರೆ. ಕಟ್ಟೆಯಿಲ್ಲ, ತಡೆಯಿಲ್ಲ, ನೀರ ತುಂಬ ಹಸಿರು ಪಾಚಿ. ಕಣ್ಣು ಸರಿ ಇದ್ದವರೂ ಹುಲ್ಲೆಂದು ಕಾಲಿಡಬೇಕು, ಹಾಗಿತ್ತು. ಹರಿಣಾಕ್ಷಿ ಕಿರುಚಿದಳು.

"ಗುಣಪಾಲಾ!"

ಇಡೀ ಬನ ಆ ಹೆಸರನ್ನು ಕೇಳಿತು. ಗುಣಪಾಲರು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು.

ಅವಳು ಹತ್ತಿರ ಬಂದು ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ನಿನಗೆ ನನ್ನ ಹೆಸರು ಗೊತ್ತುಂಟಾ?" ಎಂದರು ಗುಣಪಾಲರು. ತಮಾಷೆಗೆ ಹೇಳಿದ್ದು, ಆದರೆ ಮುಂದೆ ಚಾಚಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ.

"ಕೂ ಹಾಕಿದರೆ ಓಗೊಡಲಿಕ್ಕೆ ಎಂತ ಆಗಿತ್ತು ನಿಮಗೆ?"

"ಕೇಳಿತು. ಓಗೊಟ್ಟರೆ ದಾರಿ ತಪ್ಪಿದ್ದು ನಿನಗೆ ಗೊತ್ತಾಗ್ತದಲ್ಲ." ಅವರು ತಲೆ ತಗ್ಗಿಸಿದರು. "ನೆಲವೇ ಕಾಣುವುದಿಲ್ಲ ಮಾರಾಯ್ತಿ. ನನಗೆ ಹೆದರಿಕೆ ಆಗ್ತದೆ."

ಹರಿಣಾಕ್ಷಿಯ ಕಣ್ಣು ತುಂಬಿತು. ಬೈಯಲು ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಬುಡದಲ್ಲಿ ಪೊಟರೆಯಿದ್ದ ಧೂಪದ ಮರ ನಾಲ್ಕು ಮಾರು ಆಚೆಗೇ ಇತ್ತು. ಅಂಗಿ ಹಿಡಿದೇ ಕರೆದುಕೊಂಡು ಹೋಗಿ ಅವರ ಅಂಗೈಯನ್ನು ಪೊಟರೆಯ ಅಂಚಿಗೆ ಇಟ್ಟಳು. ಗುಣಪಾಲರು ತೊಗಟೆಯನ್ನು ಸವರಿದರು, ಒಸರಿದ ಧೂಪದ ಅಂಟನ್ನು ಮೂಸಿದರು.

"ಇದೇ," ಎಂದರು. "ಸಣ್ಣದಾಗಿದೆ. ಅಲ್ಲ, ನಾನು ದೊಡ್ಡವನಾದೆ."

ಹೊರಡುವಾಗ ಅವರಿಗೆ ಕಟ್ಟಳೆ ನೆನಪಾಯಿತು. "ಹೆಸರು ಕರೆದುಬಿಟ್ಟೆಯಲ್ಲ. ಇನ್ನೆಂತ ಮಾಡುವುದು?"

"ಕರೆದವರೇ ಕೈ ಹಿಡಿದು ಹೊರಗೆ ತಂದರೆ ದೋಷ ಇಲ್ಲ," ಎಂದಳು ಹರಿಣಾಕ್ಷಿ, ಮುಖ ಗಂಭೀರ ಮಾಡಿ.

"ಇದು ನನ್ನ ತಾಯಿಮನೆ ಬನ. ಅಂಥ ಕಟ್ಟಳೆ ನಾನು ಕೇಳಿಯೇ ಇಲ್ಲ."

"ಈಗ ಕೇಳಿದಿರಲ್ಲ."

ಗುಣಪಾಲರು ಅವಳತ್ತ ತಿರುಗಿದರು. ಆಮೇಲೆ ಕೈ ಚಾಚಿ ಅವಳ ಕೈಯನ್ನು ಹುಡುಕಿ ಹಿಡಿದರು.

ಬನ ದಾಟಿತು, ಬಿಸಿಲು ಬಂತು, ಕೈ ಬಿಡಲಿಲ್ಲ. ಆಟೋದಲ್ಲೂ ಬಿಡಲಿಲ್ಲ. ಬೋವಿಕಾನದಲ್ಲಿ ಇಳಿದಾಗ, ಇನ್ನು ಬಿಡುತ್ತಾರೆಂದು ಹರಿಣಾಕ್ಷಿ ತಾನೇ ಬೆರಳು ಸಡಿಲಿಸಿದಳು. ಗುಣಪಾಲರು ಇನ್ನಷ್ಟು ಬಿಗಿಯಾಗಿ ಹಿಡಿದರು.

ತಿರುಮಲೇಶ್ವರ ಬಾಗಿಲಲ್ಲೇ ಇದ್ದ. "ಎಂತ ಮಾರಾಯ ಇದು? ಬೆಳಿಗ್ಗೆ ಕೊಡವಿದವ ಈಗ ನೀನೇ ಹಿಡ್ಕೊಂಡಿದ್ದೀಯಲ್ಲ?"

"ಬನದ ಕಟ್ಟಳೆ," ಎಂದರು ಗುಣಪಾಲರು.

"ಯಾವಾಗಿನಿಂದ?"

"ಇವತ್ತಿನಿಂದ. ನನಗೆ ಕಣ್ಣು ಸರಿ ಕಾಣುವುದಿಲ್ಲ ತಿರುಮಲೇಶ್ವರ. ಸ್ವಲ್ಪ ದಾರಿ ಬಿಡು, ನಿನ್ನ ಮೆಟ್ಟಿಲು ಎಲ್ಲಿ ಉಂಟೆಂದು ಇವಳು ಹೇಳಬೇಕು."

ತಿರುಮಲೇಶ್ವರ ನಗು ನಿಲ್ಲಿಸಿ ಪಕ್ಕಕ್ಕೆ ಸರಿದ.

"ಇಲ್ಲಿ ಮೆಟ್ಟಿಲು," ಎಂದಳು ಹರಿಣಾಕ್ಷಿ. ಗುಣಪಾಲರು ಕಾಲೆತ್ತಿ ಇಟ್ಟರು.