ಹಿಮ ಹಿಡಿದ ಕ್ಯಾಮೆರಾ

ನಿನ್ಫಾ ಸ್ಪತಾರೊಗೆ ಶಿಫಾರಸು ಮಾಡುವವರು ಯಾರೂ ಇರಲಿಲ್ಲ. ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಇದು ಸಣ್ಣ ಕೊರತೆಯಲ್ಲ. ಅಪ್ಪ ಸಿಟಿ ಬಸ್ ಓಡಿಸುತ್ತಿದ್ದ. ಚಿಕ್ಕಪ್ಪಂದಿರಲ್ಲಿ ಒಬ್ಬನೂ ಶಾಸಕನಲ್ಲ, ಪಾದ್ರಿಯೂ ಅಲ್ಲ. ಮೂವತ್ತಮೂರರ ಹೊತ್ತಿಗೆ ಅವಳ ಬಳಿ ಇದ್ದದ್ದು ಒಂದು ಡಾಕ್ಟರೇಟು ಮತ್ತು ವರ್ಷವರ್ಷವೂ ಮುಂದುವರಿಸಬೇಕಾದ ಒಂದು ಕರಾರು. ಆ ಕರಾರಿಗೆ ಸೆಪ್ಟೆಂಬರಿನಲ್ಲಿ ಸಹಿ ಹಾಕಬೇಕಾದವರು ಪ್ರೊಫೆಸರ್ ಕುಸುಮಾನೊ.

ಬಾಹ್ಯಾಕಾಶಕ್ಕೆ ಹೋಗುವ ಎಕ್ಸ್‌ರೇ ದೂರದರ್ಶಕದ ಕ್ಯಾಮೆರಾಗಳಿಗೆ ಒರೆ ಹಚ್ಚುವುದು ಅವಳ ಕೆಲಸ. ಅಂಗಡಿ ತಕ್ಕಡಿಗೆ ಸರ್ಕಾರದವರು ಮುದ್ರೆ ಒತ್ತುತ್ತಾರಲ್ಲ, ಹಾಗೆ. ಪ್ರಯೋಗಾಲಯದ ಉದ್ದಕ್ಕೂ ಒಂದು ಉಕ್ಕಿನ ಕೊಳವೆ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದದ್ದು. ಒಂದು ತುದಿಯಿಂದ ಎಷ್ಟು ಕಿರಣ ಬಿಟ್ಟೆವು ಎನ್ನುವುದು ಗೊತ್ತಿರುತ್ತದೆ. ಇನ್ನೊಂದು ತುದಿಯಲ್ಲಿರುವ ಕ್ಯಾಮೆರಾ ಎಷ್ಟು ಎಣಿಸಿತು ಎಂದು ನೋಡಬೇಕು. ಇಲ್ಲಿ ಲೆಕ್ಕ ತಪ್ಪಿದರೆ ಮೇಲೆ ಹೋದ ಮೇಲೆ ಅದು ನೋಡುವ ಒಂದೊಂದು ನಕ್ಷತ್ರದ ಲೆಕ್ಕವೂ ತಪ್ಪು. ತಿದ್ದಲು ಏಣಿ ಹಾಕಿಕೊಂಡು ಯಾರೂ ಹೋಗುವುದಿಲ್ಲ.

ಕ್ಯಾಮೆರಾದ ನಾಲ್ಕು ಕಣ್ಣುಗಳು ಕೊರೆಯುವಷ್ಟು ತಣ್ಣಗಿದ್ದರೆ ಮಾತ್ರ ಸರಿಯಾಗಿ ಎಣಿಸುತ್ತವೆ. ಆದರೆ ಗಾಳಿ ತೆಗೆದ ಕೊಳವೆಯಲ್ಲಿ ಅಷ್ಟಿಷ್ಟು ಆವಿ ಉಳಿದೇ ಇರುತ್ತದೆ, ಅದು ಹುಡುಕಿಕೊಂಡು ಹೋಗಿ ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ ಕೂರುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ತಾಮ್ರದ ತಟ್ಟೆ. ದ್ರವ ನೈಟ್ರೋಜನ್ ಹರಿಸಿ ಅದನ್ನು ಕ್ಯಾಮೆರಾಕ್ಕಿಂತಲೂ ತಣ್ಣಗಿಡುತ್ತಾರೆ. ಕೊಳೆಯನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುವುದೇ ಅದರ ಕೆಲಸ. ರಜೆಗೆ ಬೀಗ ಹಾಕುವಾಗ ಮೊದಲು ಕ್ಯಾಮೆರಾ ಬೆಚ್ಚಗಾಗಬೇಕು, ಆಮೇಲೆ ತಟ್ಟೆ. ಇದು ಎಲ್ಲರಿಗೂ ಗೊತ್ತಿದ್ದ ನಿಯಮ.

ಜುಲೈನಲ್ಲಿ ಊರು ಕಾಯುವ ಸಂತ ರೊಸಾಲಿಯಾಳ ಹಬ್ಬ ಬಂತು. "ಬೆಚ್ಚಗೆ ಮಾಡಿ ಮತ್ತೆ ತಣ್ಣಗೆ ಮಾಡೋದ್ರಲ್ಲಿ ಸುಮ್ನೆ ದಿನ ಹೋಗುತ್ತೆ. ಹಾಗೇ ಬಿಡಿ, ನೈಟ್ರೋಜನ್ ಸಾಕಾಗುತ್ತೆ," ಎಂದು ಪ್ರೊಫೆಸರ್ ಹೇಳಿ ಸಮುದ್ರದ ಕಡೆ ಹೊರಟರು. ನೈಟ್ರೋಜನ್ ಸಾಕಾಗಲಿಲ್ಲ. ಊರಿಗೆ ಊರೇ ಬೀದಿಯಲ್ಲಿ ನಿಂತು ಬೆಳ್ಳುಳ್ಳಿ ಹಾಕಿದ ಬಸವನಹುಳು ಹೀರುತ್ತ ಪಟಾಕಿ ನೋಡುತ್ತಿತ್ತು. ನೈಟ್ರೋಜನ್ ಲಾರಿಯವನೂ ಅಲ್ಲೇ ಇದ್ದ. ಇತ್ತ ತಾಮ್ರದ ತಟ್ಟೆ ಬೆಚ್ಚಗಾಯಿತು. ಕ್ಯಾಮೆರಾ ಮಾತ್ರ ಕರೆಂಟಿನ ಬಲದಲ್ಲಿ ತಣ್ಣಗೇ ಇತ್ತು. ತಟ್ಟೆ ತಿಂಗಳುಗಟ್ಟಲೆ ಹಿಡಿದಿಟ್ಟಿದ್ದ ತೇವವೆಲ್ಲ ಎದ್ದು ಹೋಗಿ ಆ ನಾಲ್ಕು ಕಣ್ಣುಗಳ ಮೇಲೆ ಹಿಮವಾಗಿ ಕೂತಿತು.

ಹಬ್ಬ ಮುಗಿಸಿ ಬಂದು ಅಳೆದಾಗ, ಹಿಮವನ್ನೂ ತೂರಿ ಹೋಗುವ ಗಟ್ಟಿ ಕಿರಣಗಳ ಲೆಕ್ಕ ಸರಿಯಾಗಿತ್ತು. ಹಿಮದಲ್ಲೇ ಸಿಕ್ಕಿಕೊಳ್ಳುವ ಮೃದು ಕಿರಣಗಳಲ್ಲಿ ಐದರಲ್ಲೊಂದು ಪಾಲು ನಾಪತ್ತೆ.

ಕೊಳವೆ, ಪಂಪುಗಳನ್ನು ನೋಡಿಕೊಳ್ಳುವ ಗಾಸ್ಪರೆ ಪರದೆಯ ಮುಂದೆ ಬಗ್ಗಿ ನೋಡಿದ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ.

"ಡಾಕ್ಟ್ರಮ್ಮ, ನಮ್ಮ ರೊಸಾಲಿಯಾ ಪ್ಲೇಗು ಓಡಿಸಿದೋಳು. ಹಿಮ ಓಡಿಸೋದು ಅವಳ ಇಲಾಖೆ ಅಲ್ಲ."

"ಹಿಮ ಅಂತ ನೀವೂ ಒಪ್ತೀರಲ್ಲ, ಮಾಮ?"

"ನಾನೆಲ್ಲಿ ಒಪ್ಪಿದೆ? ನಾನು ಸಂತರ ವಿಷಯ ಮಾತಾಡ್ತಿದ್ದೆ."

ನಿನ್ಫಾ ನೇರ ಪ್ರೊಫೆಸರರ ಕೋಣೆಗೆ ಹೋದಳು. ಈ ಕ್ಯಾಮೆರಾದಂಥದ್ದೇ ಇನ್ನೊಂದನ್ನು, ಇದರ ಜೋಡಿಯನ್ನು, ಉತ್ತರದ ಒಂದು ಪ್ರಯೋಗಾಲಯದವರು ಆಗಲೇ ಅಳೆದು ಮುಗಿಸಿದ್ದರು. ಆ ಲೆಕ್ಕ ಕುಸುಮಾನೊ ಅವರ ಮೇಜಿನ ಮೇಲಿತ್ತು.

"ಎರಡು ಕ್ಯಾಮೆರಾ ಯಾವತ್ತಾದ್ರೂ ಒಂದೇ ಲೆಕ್ಕ ಹೇಳಿದ್ದುಂಟಾ, ಮಗಳೇ? ಒಂದು ಗುಣಕ ಹಾಕು. ಅವರದ್ದಕ್ಕೆ ಸಮ ಮಾಡು. ನಮ್ಮ ಕಾಲದಿಂದ ಎಲ್ರೂ ಮಾಡ್ಕೊಂಡು ಬಂದಿದ್ದೇ."

"ಗುಣಕ ಹಾಕಿದ್ರೆ ಗಟ್ಟಿ ಕಿರಣಾನೂ ಏರುತ್ತೆ. ಅದು ಸರಿಯಾಗೇ ಇದೆ."

"ಮೃದು ಕಿರಣಕ್ಕೆ ಮಾತ್ರ ಹಾಕು."

"ಹಿಮಕ್ಕೆ ಗುಣಕವಾ? ಪೆಟ್ಟಿಗೆಗೆ ತುಂಬೋಕೆ ಬೆಚ್ಚಗೆ ಮಾಡಿದ್ರೆ ಹಿಮ ಹಾರಿ ಹೋಗುತ್ತೆ. ಗುಣಕ ಮಾತ್ರ ಕೂತಿರುತ್ತೆ. ಮೇಲೆ ಹೋದ್ಮೇಲೆ ಇಲ್ಲದ ಕಿರಣಾನೆಲ್ಲ ಇದೆ ಅಂತ ಎಣಿಸುತ್ತೆ. ಬೆಚ್ಚಗೆ ಮಾಡಿ ಮತ್ತೆ ಅಳೀಬೇಕು, ಬೇರೆ ದಾರಿ ಇಲ್ಲ."

ಕುಸುಮಾನೊ ಕನ್ನಡಕ ತೆಗೆದರು. "ತಿಂಗಳ ಕೊನೆಗೆ ಕ್ಯಾಮೆರಾ ಒಯ್ಯೋಕೆ ಲಾರಿ ಬರುತ್ತೆ. ಯಾಕೆ ತಡ ಅಂತ ಕೇಳಿದ್ರೆ ಏನು ಹೇಳ್ಲಿ? ಸಿಸಿಲಿಯವರು ಹಬ್ಬ ಮಾಡ್ತಾ ನೈಟ್ರೋಜನ್ ಮರೆತ್ರು ಅಂತಲಾ? ಇಡೀ ಯೂರೋಪು ನಗುತ್ತೆ."

"ನಗಲಿ. ಮರೆತಿದ್ದು ನಿಜ ತಾನೇ?"

"ನೋಡು ಮಗಳೇ—"

"ನಿಮ್ಮ ಮಗಳಾಗಿದ್ರೆ ನಂಗೆ ಖಾಯಂ ನೌಕರಿ ಇರ್ತಿತ್ತು, ಪ್ರೊಫೆಸರ್ರೇ. ನಿನ್ಫಾ ಅಂದ್ರೆ ಸಾಕು."

ಅವರ ಮಗಳ ಕೋಣೆ ಅದೇ ಮಹಡಿಯಲ್ಲಿತ್ತು, ಬಾಗಿಲ ಮೇಲೆ ಹಿತ್ತಾಳೆಯ ಹೆಸರುಫಲಕ. ಕುಸುಮಾನೊ ಕನ್ನಡಕ ಹಾಕಿಕೊಂಡು ಕಂಪ್ಯೂಟರ್ ಕಡೆ ತಿರುಗಿದರು. ಸೆಪ್ಟೆಂಬರಿನಲ್ಲಿ ಏನಾಗಲಿದೆ ಎಂದು ನಿನ್ಫಾಳಿಗೆ ಆಗಲೇ ಗೊತ್ತಾಯಿತು. ಕೆಳಗಿಳಿದು ಒಂದು ಅರಂಚಿನಾ, ಎಣ್ಣೆಯಲ್ಲಿ ಕರಿದ ಅನ್ನದ ಉಂಡೆ, ತಿಂದು ಕೆಲಸಕ್ಕೆ ಮರಳಿದಳು.

ಪರಿಶೀಲನಾ ಸಭೆ ಗುರುವಾರ. ಯೋಜನೆಯ ಮೇಲ್ವಿಚಾರಕಿ ಹೂಕ್ಸ್ಟ್ರ ಹಾಲೆಂಡಿನಿಂದ ಪರದೆಯ ಮೇಲೆ ಕೂತಿದ್ದಳು. ಕುಸುಮಾನೊ ಸೊಗಸಾಗಿ ಮಾತಾಡಿದರು. "ಎರಡು ಕ್ಯಾಮೆರಾಗಳ ನಡುವೆ ಇದ್ದ ಚಿಕ್ಕ ವ್ಯತ್ಯಾಸವನ್ನು ಹೊಂದಿಸಿದ್ದೇವೆ. ವಿವರ ಡಾಕ್ಟರ್ ಸ್ಪತಾರೊ ಕೊಡ್ತಾರೆ."

"ವಿವರ ಏನೂ ಇಲ್ಲ," ನಿನ್ಫಾ ಅಂದಳು. "ಆ ಸಂಖ್ಯೆ ಸುಳ್ಳು. ಕ್ಯಾಮೆರಾ ಮೇಲೆ ಹಿಮ ಇದೆ. ನಾನು ಈ ಅಳತೆಗೆ ಸಹಿ ಹಾಕಲ್ಲ."

ಕುಸುಮಾನೊ ನಕ್ಕರು. "ನಮ್ಮ ಹುಡುಗಿಗೆ ಬಿಸಿಲು ತಾಗಿದೆ. ತಟ್ಟೆ ಒಂದು ಕ್ಷಣಾನೂ ಬೆಚ್ಚಗಾಗಿಲ್ಲ."

ಹೂಕ್ಸ್ಟ್ರ ನಗಲಿಲ್ಲ. ಮೂಲೆಯಲ್ಲಿದ್ದ ಗಾಸ್ಪರೆಯನ್ನು ಕೇಳಿದಳು: "ನೈಟ್ರೋಜನ್ ಖಾಲಿಯಾಗಿತ್ತಾ?"

ಗಾಸ್ಪರೆ ಚಾವಣಿ ನೋಡಿದ. ಪ್ರೊಫೆಸರರನ್ನು ನೋಡಿದ. "ನಂಗೊತ್ತಿಲ್ಲ ಮೇಡಂ. ನಾನು ಹಬ್ಬದಲ್ಲಿದ್ದೆ."

"ಇಲ್ಲಿ ಯಾರಿದ್ರು?"

"ಇಲ್ಲಿಯಾ? ಇಲ್ಲಿ ಯಾಕೆ ಇರ್ತಾರೆ? ಎಲ್ರೂ ಹಬ್ಬದಲ್ಲಿದ್ವಿ."

ತಟ್ಟೆ ಕಾಯಲು ಯಾರೂ ಇರಲಿಲ್ಲ ಎಂದಾಯಿತು, ಹೂಕ್ಸ್ಟ್ರಳಿಗೆ ಅಷ್ಟು ಸಾಕಾಯಿತು. ಒಂದು ವಾರ ಕೊಟ್ಟಳು. ಬೆಚ್ಚಗೆ ಮಾಡಿ, ತಣ್ಣಗೆ ಮಾಡಿ, ಅಳೆದು ತೋರಿಸಿ. ಅದರಾಚೆ ಒಂದು ದಿನವೂ ಇಲ್ಲ.

ವಾರ ಸಾಲದೆನ್ನುವುದು ನಿನ್ಫಾಳಿಗೆ ತಿಳಿದಿತ್ತು. ಪ್ರತಿ ಕಣ್ಣಿನ ಮುಂದೆಯೂ ಒಂದು ಫಿಲ್ಟರ್ ಇರುತ್ತದೆ, ಈರುಳ್ಳಿ ಸಿಪ್ಪೆಗಿಂತ ನೂರಾರು ಪಟ್ಟು ತೆಳು. ಅದರ ಹಿಂದೆ ಕೂತ ಹಿಮ ಒಮ್ಮೆಲೇ ಆವಿಯಾದರೆ ಫಿಲ್ಟರ್ ಉಬ್ಬಿ ಹರಿಯುತ್ತದೆ. ನಿಧಾನಕ್ಕೆ ಹೋಗಬೇಕು. ನಿಧಾನಕ್ಕೆ ಹೋದರೆ ಅಳೆಯಲು ದಿನ ಉಳಿಯುವುದಿಲ್ಲ, ಗುಣಕವೇ ಗೆಲ್ಲುತ್ತದೆ. ಅವಳು ವೇಗ ಹೆಚ್ಚಿಸಿದಳು.

"ಹರಿದ್ರೆ ನಿನ್ನ ತಲೆ ಮೇಲೆ," ಎಂದರು ಕುಸುಮಾನೊ ಬಾಗಿಲಲ್ಲಿ ನಿಂತು.

"ಇರ್ಲಿ. ಹಿಮ ಯಾರ ತಲೆ ಮೇಲೆ ಅಂತ ಅದನ್ನೂ ಹೇಳಿ ಹೋಗಿ."

ಅವರು ಬಾಗಿಲು ಎಳೆದುಕೊಂಡು ಹೋದರು.

ಭಾನುವಾರ ಮಧ್ಯಾಹ್ನ ಒತ್ತಡದ ಮುಳ್ಳು ಜಿಗಿಯಿತು. ಗಾಸ್ಪರೆ ಬಾಯಿಗೆ ಬಂದದ್ದೆಲ್ಲ ಬೈದ, ಸಂತರನ್ನೂ ಬಿಡಲಿಲ್ಲ. ನಿನ್ಫಾ ಹೀಟರ್ ಆರಿಸಿ, ಕಣ್ಣುಗಳ ಮೇಲೆ ಪರೀಕ್ಷೆಯ ದೀಪ ಬಿಟ್ಟಳು. ಫಿಲ್ಟರ್ ಸರಿಯಿದ್ದರೆ ಮಾಮೂಲಿ ಬೆಳಕು ಒಳಗೆ ಹೋಗಬಾರದು. ಮೂರು ಕಣ್ಣು ಕತ್ತಲೆಯಾಗಿದ್ದವು. ನಾಲ್ಕನೆಯದು ಹಗಲಿನಂತೆ ಬೆಳಗುತ್ತಿತ್ತು.

"ಹೋಯ್ತು," ಎಂದಳು.

"ಅಳ್ತೀಯೇನಮ್ಮ?"

"ನಾಳೆ ಅಳ್ತೀನಿ ಮಾಮ. ಈಗ ನೈಟ್ರೋಜನ್ ಬಿಡಿ. ತಟ್ಟೆ ಮೊದಲು."

"ಅದನ್ನ ನನಗೇ ಹೇಳ್ಕೊಡ್ತಾಳೆ ನೋಡು!" ಎಂದ ಗಾಸ್ಪರೆ. ಆದರೆ ಆವತ್ತಿನಿಂದ ಅಳತೆ ಮುಗಿಯುವ ತನಕ ತಟ್ಟೆಯ ಬಳಿಯಿಂದ ಕದಲಲಿಲ್ಲ. ಹೆಂಡತಿ ಪಾಸ್ತಾ ಡಬ್ಬಿಯನ್ನು ಗೇಟಿನ ತನಕ ತಂದುಕೊಟ್ಟು ಬೈದು ಹೋಗುತ್ತಿದ್ದಳು.

ಉಳಿದ ಮೂರು ಕಣ್ಣುಗಳೂ ಮೃದು ಕಿರಣಗಳನ್ನು ಪೂರ್ತಿ ಎಣಿಸಿದವು. ಉತ್ತರದವರ ಲೆಕ್ಕಕ್ಕೆ ಯಾವ ಗುಣಕವೂ ಇಲ್ಲದೆ ಕೂಡಿಕೊಂಡವು.

"ಗುಣಕ ಹಾಕಿ, ನಿಧಾನಕ್ಕೆ ಬೆಚ್ಚಗೆ ಮಾಡಿ ಕಳಿಸಿದ್ರೆ ನಾಲ್ಕೂ ಉಳೀತಿದ್ವು," ಎಂದರು ಕುಸುಮಾನೊ. ಅವರು ಹೇಳಿದ್ದು ಸುಳ್ಳಲ್ಲ.

"ಉಳೀತಿದ್ವು. ನಾಲ್ಕೂ ಸುಳ್ಳು ಎಣಿಸ್ಕೊಂಡು."

"ಮುಂದಿನ ಸಭೆಯಲ್ಲಿ ಫಿಲ್ಟರ್ ಹರಿದದ್ದು ಹೇಳು. ಹಬ್ಬದ ಮಾತು ಬೇಡ. ಸೆಪ್ಟೆಂಬರ್ ದೂರ ಇಲ್ಲ, ಯೋಚ್ನೆ ಮಾಡು."

ನಿನ್ಫಾ ಯೋಚನೆ ಮಾಡಲಿಲ್ಲ. ಅದು ಯಾವತ್ತೋ ಮುಗಿದಿತ್ತು. ಸಭೆಯಲ್ಲಿ ಎದ್ದು ನಿಂತು ಎರಡನ್ನೂ ಹೇಳಿದಳು. ಫಿಲ್ಟರ್ ಹರಿದದ್ದು ನನ್ನ ಅವಸರದಿಂದ. ಹಿಮ ಹಿಡಿದದ್ದು ಹಬ್ಬಕ್ಕೆ ಕ್ಯಾಮೆರಾ ತಣ್ಣಗೇ ಬಿಟ್ಟು ಹೋದದ್ದರಿಂದ. ಬಿಡಲು ಹೇಳಿದವರು ಪ್ರೊಫೆಸರ್ ಕುಸುಮಾನೊ. ಪರದೆಯ ಮೇಲೆ ಯಾರೋ ಇಬ್ಬರು ನಕ್ಕರು. ನಗಲಿ ಎಂದು ಬಿಟ್ಟಳು. ಬದಲಿ ಫಿಲ್ಟರ್ ಮಾಡಿಸಲು ಸಮಯವಿರಲಿಲ್ಲ, ಕ್ಯಾಮೆರಾ ಮೂರು ಕಣ್ಣಿನಲ್ಲೇ ಹೋಗಲಿ ಎಂದು ಹೂಕ್ಸ್ಟ್ರ ತೀರ್ಮಾನ ಕೊಟ್ಟಳು.

ತಿಂಗಳ ಕೊನೆಗೆ ಲಾರಿ ಬಂದು ಪೆಟ್ಟಿಗೆ ಒಯ್ದಿತು. ಸೆಪ್ಟೆಂಬರಿನಲ್ಲಿ ಅವಳ ಕರಾರಿಗೆ ಕುಸುಮಾನೊ ಸಹಿ ಹಾಕಲಿಲ್ಲ.

ಒಟ್ಟು ಹೋದದ್ದು: ಒಂದು ಫಿಲ್ಟರ್, ಅದರ ಹಿಂದಿನ ಒಂದು ಕಣ್ಣು, ಒಂದು ನೌಕರಿ.